ಮಹಾಪುರುಷನೂ ಎತ್ತರದ ಆಳೂ: ಫ್ರೆಂಚ್ ಭಾಷೆಯಲ್ಲಿ ವಿಶೇಷಣದ ಸ್ಥಾನ

ಪ್ಯಾರಿಸ್ ನಗರದಲ್ಲಿ, ಸೇನ್ ನದಿಯ ಎಡದಂಡೆಯಿಂದ ಮೇಲೇರುವ ಸಂತ ಜೆನೆವಿಯೆವಳ ಗುಡ್ಡದ ನೆತ್ತಿಯ ಮೇಲೆ, ಪಾಂತೆಯೊಂ ಎಂಬ ಭವ್ಯಮಂದಿರವೊಂದು ನಿಂತಿದೆ. ಹದಿನೈದನೆಯ ಲೂಯಿಯ ಆಳ್ವಿಕೆಯಲ್ಲಿ ಸೂಫ್ಲೊ ಎಂಬ ವಾಸ್ತುಶಿಲ್ಪಿಯು ದೇವಾಲಯವೆಂದು ಕಟ್ಟತೊಡಗಿದ ಆ ಕಟ್ಟಡವನ್ನು 1791ರಲ್ಲಿ ಕ್ರಾಂತಿಕಾಲದ ರಾಷ್ಟ್ರಸಭೆಯು ದೇಶದ ಪೂಜ್ಯರ ಸಮಾಧಿಸ್ಥಾನವನ್ನಾಗಿ ಮಾರ್ಪಡಿಸಿತು. ವೊಲ್ತೇರನ ಅಸ್ಥಿಗಳು ಆ ವರ್ಷವೇ ಅಲ್ಲಿಗೆ ಬಂದವು. ರೂಸೋನವು 1794ರಲ್ಲಿ ಬಂದವು. 1885ರಲ್ಲಿ ವಿಕ್ತೋರ್ ಹ್ಯೂಗೋ ಅಲ್ಲಿಯೇ ಮಣ್ಣುಗೂಡಿದನು. ಮಂದಿರದ ಮುಂಭಾಗದಲ್ಲಿ, ಸಾಲುಗಂಬಗಳ ಮೇಲೆ, ದೊಡ್ಡ ಅಕ್ಷರಗಳಲ್ಲಿ ಕೊರೆದ ಒಂದೇ ಒಂದು ಪಂಕ್ತಿಯ ಶಾಸನವಿದೆ: ಒ ಗ್ರಾಂಜೊಮ್, ಲಾ ಪಾತ್ರಿ ರೆಕೊನೆಸಾಂತ್. ಮಹಾಪುರುಷರಿಗೆ, ಕೃತಜ್ಞವಾದ ಜನ್ಮಭೂಮಿ ಎಂದು ಅದರ ತಾತ್ಪರ್ಯ. ಈ ಪಂಕ್ತಿಯಲ್ಲಿ ಕ್ರಿಯಾಪದವಿಲ್ಲ. ಇರುವುದು ಎರಡು ನಾಮಪದ, ಅವೆರಡಕ್ಕೆ ಒಂದೊಂದು ವಿಶೇಷಣ. ಆದರೆ ಮೊದಲನೆಯ ವಿಶೇಷಣ ತನ್ನ ನಾಮಪದದ ಮುಂದೆ ಬಂದಿದೆ, ಎರಡನೆಯದು ಹಿಂದೆ ನಿಂತಿದೆ. ಫ್ರೆಂಚ್ ಭಾಷೆಯಲ್ಲಿ ವಿಶೇಷಣವೆಂಬುದು ಹೇಗೆ ನಡೆದುಕೊಳ್ಳುತ್ತದೆಂಬ ವಿಷಯವೆಲ್ಲ ಬೀಜರೂಪದಲ್ಲಿ ಈ ಒಂದು ಸಾಲಿನಲ್ಲಿ ಅಡಗಿರುವುದರಿಂದ, ಅಲ್ಲಿಂದಲೇ ಹೊರಡುವುದು ಅನುಕೂಲ.

ಗ್ರಾಂ ಎಂದರೆ ದೊಡ್ಡ, ಒಮ್ ಎಂದರೆ ಮನುಷ್ಯ. ಗ್ರಾಂ ಎಂಬುದನ್ನು ಮುಂದಿಟ್ಟು 'ಅಂ ಗ್ರಾಂತೊಮ್' ಎಂದರೆ ಮಹಾಪುರುಷ. ಅದನ್ನೇ ಹಿಂದಿಟ್ಟು 'ಅನೊಮ್ ಗ್ರಾಂ' ಎಂದರೆ ಎತ್ತರದ ಆಳು. ಪದಗಳು ಅವೇ, ಆಸನ ಮಾತ್ರ ಬದಲಾಗಿದೆ. ಮೈಕಟ್ಟಿನಲ್ಲಿ ಸಾಧಾರಣನಾಗಿದ್ದ ನೆಪೋಲಿಯನ್ ಚಕ್ರವರ್ತಿಗೆ ಮೊದಲನೆಯ ಮಾತು ಸಲ್ಲುತ್ತದೆ, ಎರಡನೆಯದು ಸಲ್ಲದು. ಆರಡಿಗೂ ಮಿಗಿಲಾದ ದೇಹವುಳ್ಳ ಜನರಲ್ ದ ಗೋಲ್ ಅವರಿಗೆ ಎರಡೂ ಸಲ್ಲುತ್ತವೆ. ಪಾಂತೆಯೊಂ ಮಂದಿರದ ಶಿಲ್ಪಿ ಆ ವಿಶೇಷಣವನ್ನು ಒಂದು ಪದದಷ್ಟು ಬಲಕ್ಕೆ ಸರಿಸಿ ಕೊರೆದಿದ್ದರೆ, ಫ್ರಾನ್ಸ್ ದೇಶವು ತನ್ನ ಎತ್ತರದ ಪ್ರಜೆಗಳಿಗೆಲ್ಲ ಕೃತಜ್ಞತೆಯನ್ನು ಅರ್ಪಿಸಿದಂತಾಗುತ್ತಿತ್ತು.

ಕನ್ನಡವನ್ನೇ ಉಸಿರಾಡಿ ಬೆಳೆದವರಿಗೆ ಇದು ಅಪರಿಚಿತವಾದ ಲೋಕ. ನಮ್ಮ ವಿಶೇಷಣಕ್ಕೆ ಸ್ಥಾನಪಲ್ಲಟವೆಂಬುದೇ ಇಲ್ಲ: ದೊಡ್ಡ ಮನೆ, ದೊಡ್ಡ ಹುಡುಗಿ, ದೊಡ್ಡ ಮರಗಳು ಎಂದು ಅದು ಯಾವಾಗಲೂ ವಿಶೇಷ್ಯದ ಮುಂದೆಯೇ ನಡೆಯುತ್ತದೆ, ಮತ್ತು ಹಿಂದೆ ಬರುವ ಪದ ಗಂಡಾಗಲಿ ಹೆಣ್ಣಾಗಲಿ, ಒಂದಾಗಲಿ ಹಲವಾಗಲಿ, ತನ್ನ ರೂಪವನ್ನು ಕಿಂಚಿತ್ತೂ ಬದಲಿಸುವುದಿಲ್ಲ. ಸಂಸ್ಕೃತವಾದರೋ ಇದಕ್ಕೆ ತದ್ವಿರುದ್ಧ. ಅಲ್ಲಿ ವಿಶೇಷ್ಯಕ್ಕೆ ಯಾವ ಲಿಂಗ ವಚನ ವಿಭಕ್ತಿಗಳೋ ವಿಶೇಷಣಕ್ಕೂ ಅವೇ, ಆದರೆ ಆ ಅಂಕಿತವನ್ನು ಮೈಮೇಲೆ ಹೊತ್ತಿರುವ ಕಾರಣ ಅದು ವಾಕ್ಯದಲ್ಲಿ ಎಲ್ಲಿ ನಿಂತರೂ ಗುರುತು ತಪ್ಪುವುದಿಲ್ಲ. ಫ್ರೆಂಚ್ ಭಾಷೆ ತನ್ನ ತಾಯಿಯಾದ ಲ್ಯಾಟಿನ್ನಿನಿಂದ ಸಂಸ್ಕೃತದಂಥದೇ ಲಿಂಗವಚನಾನುಸರಣೆಯನ್ನು ಪಡೆದುಕೊಂಡಿತು, ವಿಭಕ್ತಿಗಳನ್ನು ಕಳೆದುಕೊಂಡಿತು, ಹಾಗೆ ಕಳೆದುಕೊಂಡ ಮೇಲೆ ಪದಗಳ ಸ್ಥಾನಕ್ಕೆ ತಾಯಿಭಾಷೆಯಲ್ಲಿ ಇಲ್ಲದಿದ್ದ ಬೆಲೆಯನ್ನು ಕಟ್ಟಿತು.

ಮೊದಲು ಲಿಂಗವಚನಗಳ ಮಾತು. ಫ್ರೆಂಚಿನಲ್ಲಿ ನಪುಂಸಕಲಿಂಗವಿಲ್ಲ, ಪುಸ್ತಕ ಗಂಡು, ಮೇಜು ಹೆಣ್ಣು, ಸೂರ್ಯ ಗಂಡು, ಚಂದ್ರ ಹೆಣ್ಣು. ಶಾಸನದಲ್ಲಿರುವ 'ಪಾತ್ರಿ' ಎಂಬ ಪದ ಲ್ಯಾಟಿನ್ನಿನಲ್ಲಿ 'ಪಿತೃ' ಎಂಬುದರಿಂದಲೇ ಹುಟ್ಟಿದ್ದರೂ ವ್ಯಾಕರಣದಲ್ಲಿ ಸ್ತ್ರೀಲಿಂಗವಾದುದರಿಂದ, ಅದಕ್ಕೆ ಅಂಟಿದ ವಿಶೇಷಣವೂ 'ರೆಕೊನೆಸಾಂತ್' ಎಂದು ಸ್ತ್ರೀರೂಪವನ್ನು ತಳೆದಿದೆ. ಪುರುಷನೊಬ್ಬನು ಕೃತಜ್ಞನಾಗಿದ್ದಲ್ಲಿ ಅದು ಬರಿಯ 'ರೆಕೊನೆಸಾಂ' ಆಗುತ್ತಿತ್ತು. ಬರೆಹದಲ್ಲಿ ಈ ಸ್ತ್ರೀರೂಪವನ್ನು ಸಾಧಿಸುವ ಕ್ರಮ ಸುಲಭ, ಸಾಮಾನ್ಯವಾಗಿ ಕೊನೆಗೆ ಒಂದು ಎಕಾರವನ್ನು ಸೇರಿಸಿದರಾಯಿತು. ಬಹುವಚನಕ್ಕೆ ಒಂದು ಸಕಾರ. ಆದರೆ ಕಿವಿಗೆ ಕೇಳುವುದು ಬೇರೆಯೇ ಕಥೆ. ಪುಟ್ಟ ಹುಡುಗ 'ಪೆತಿ', ಪುಟ್ಟ ಹುಡುಗಿ 'ಪೆತಿತ್'. ಹಸುರು ಗಂಡಾದರೆ 'ವೆರ್', ಹೆಣ್ಣಾದರೆ 'ವೆರ್ತ್'. ಬಿಳುಪು ಗಂಡಾದರೆ 'ಬ್ಲಾಂ', ಹೆಣ್ಣಾದರೆ 'ಬ್ಲಾಂಶ್'. ಉದ್ದ ಎಂಬುದು 'ಲೊಂ' ಮತ್ತು 'ಲೊಂಗ್'. ಪುಲ್ಲಿಂಗದಲ್ಲಿ ಬರೆದೂ ಉಚ್ಚರಿಸದೆ ಬಿಟ್ಟ ಕಡೆಯ ವ್ಯಂಜನ ಸ್ತ್ರೀಲಿಂಗದಲ್ಲಿ ಬಾಯಿಬಿಡುತ್ತದೆ. ಕಾರಣ ಇತಿಹಾಸದಲ್ಲಿದೆ. ಲ್ಯಾಟಿನ್ನಿನ ಸ್ತ್ರೀಪ್ರತ್ಯಯವಾಗಿದ್ದ ಅಕಾರವು ಶತಮಾನಗಳ ಬಳಕೆಯಲ್ಲಿ ಸವೆದು ಸವೆದು ಒಂದು ಕ್ಷೀಣವಾದ ಎಕಾರವಾಗಿ ಉಳಿಯಿತು. ಪದಾಂತ್ಯದ ವ್ಯಂಜನಗಳು ಒಂದೊಂದಾಗಿ ಉದುರಿದ ಕಾಲದಲ್ಲಿ ಆ ಎಕಾರವು ತನ್ನ ಹಿಂದಿನ ವ್ಯಂಜನಕ್ಕೆ ಕೊಡೆಯಂತೆ ನಿಂತು ಕಾಪಾಡಿತು. ಕೊನೆಗೆ ತಾನೂ ಮೌನವಾಯಿತು. ಇಂದು ಸ್ತ್ರೀಲಿಂಗದಲ್ಲಿ ಕೇಳುವ ವ್ಯಂಜನ, ಬಹುಮಟ್ಟಿಗೆ, ಒಂದು ಕಾಲದಲ್ಲಿ ಎರಡು ಲಿಂಗಗಳಲ್ಲಿಯೂ ಕೇಳಿಬರುತ್ತಿದ್ದ ವ್ಯಂಜನವೇ ಆಗಿದೆ. ಆದುದರಿಂದ ಫ್ರೆಂಚ್ ಕಲಿಯುವವರು ಸ್ತ್ರೀರೂಪವನ್ನು ಮೊದಲು ಬಾಯಿಗೆ ತಂದುಕೊಂಡು ಅದರಿಂದ ಪುಲ್ಲಿಂಗಕ್ಕೆ ಇಳಿಯುವುದು ಲೇಸೆಂದು ನನ್ನ ಅಭಿಪ್ರಾಯ. ಶಾಲೆಯ ಪುಸ್ತಕಗಳು ಇದಕ್ಕೆ ವಿಲೋಮವಾದ ದಾರಿಯನ್ನು ಹಿಡಿಯುತ್ತವೆ.

ಈ ಗ್ರಾಂ ಎಂಬ ಪದಕ್ಕೇ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಅಜ್ಜಿಗೆ ಫ್ರೆಂಚಿನಲ್ಲಿ 'ಗ್ರಾಂಮೇರ್' ಎನ್ನುತ್ತಾರೆ. ದೊಡ್ಡ ತಾಯಿ ಎಂದು ಅರ್ಥ. ತಾಯಿ ಸ್ತ್ರೀಲಿಂಗವಾದುದರಿಂದ 'ಗ್ರಾಂದ್‌ಮೇರ್' ಎಂದಾಗಬೇಕಿತ್ತಲ್ಲವೆ? ಆಗಲಿಲ್ಲ. ಲ್ಯಾಟಿನ್ನಿನ 'ಗ್ರಾಂದಿಸ್' ಎಂಬ ಪದಕ್ಕೆ ಪುಲ್ಲಿಂಗ ಸ್ತ್ರೀಲಿಂಗಗಳೆರಡಕ್ಕೂ ಒಂದೇ ರೂಪವಿತ್ತು. ಹಳೆಯ ಫ್ರೆಂಚಿನಲ್ಲಿಯೂ ಹಾಗೆಯೇ ಇತ್ತು. ಉಳಿದ ವಿಶೇಷಣಗಳನ್ನು ನೋಡಿ ಈ ಪದವೂ ಎಕಾರವನ್ನು ತೊಟ್ಟದ್ದು ಅನಂತರದ ಮಾತು. ಅಷ್ಟು ಹೊತ್ತಿಗೆ ಅಜ್ಜಿಯ ಹೆಸರು ಮನೆಮನೆಯಲ್ಲಿ ಹೆಪ್ಪುಗಟ್ಟಿಹೋಗಿತ್ತು. ಈ ಚರಿತ್ರೆಯನ್ನು ಮರೆತ ಪಂಡಿತರು, ಇಲ್ಲಿ ಎಲ್ಲಿಯೋ ಒಂದು ಎಕಾರ ಲೋಪವಾಗಿದೆಯೆಂದು ಬಗೆದು, ಲೋಪವನ್ನು ಸೂಚಿಸುವ ಚಿಹ್ನೆಯೊಂದನ್ನು ನಡುವೆ ತುರುಕಿ ಅನೇಕ ಶತಮಾನಗಳ ಕಾಲ ಅಜ್ಜಿಯ ಹೆಸರನ್ನು ಹಾಗೆಯೇ ಬರೆಯಿಸಿದರು. 1635ರಲ್ಲಿ ಸ್ಥಾಪಿತವಾದ ಫ್ರೆಂಚ್ ಅಕಾಡೆಮಿಯು ತನ್ನ ನಿಘಂಟಿನ ಎಂಟನೆಯ ಆವೃತ್ತಿಯಲ್ಲಿ, ಎಂದರೆ 1932ರಲ್ಲಿ, ಆ ಚಿಹ್ನೆಯನ್ನು ತೆಗೆದು ಅಡ್ಡಗೆರೆಯನ್ನಿಟ್ಟು ತಪ್ಪನ್ನು ತಿದ್ದಿತು. ಕಳೆದುಹೋಗದೆ ಇದ್ದ ಅಕ್ಷರಕ್ಕಾಗಿ ಒಂದು ಜನಾಂಗ ಅಷ್ಟು ದೀರ್ಘಕಾಲ ಗುರುತು ನೆಟ್ಟಿತ್ತು.

'ಬೋ' ಎಂಬ ವಿಶೇಷಣದ ಸಂಗತಿಯೂ ಇಂಥದೇ. ಸುಂದರವಾದ ತೋಟ 'ಬೋ'. ಸುಂದರಿಯಾದ ಹೆಂಗಸು 'ಬೆಲ್'. ಆದರೆ ಮುಂದೆ ಸ್ವರಾದಿಯಾದ ಪುಲ್ಲಿಂಗಪದ ಬಂದರೆ ಗಂಡಸಿಗೂ 'ಬೆಲ್' ಎಂಬ ಶಬ್ದವೇ. ಹೊಸದಕ್ಕೆ 'ನೂವೋ' ಮತ್ತು 'ನೂವೆಲ್', ಹಳೆಯದಕ್ಕೆ 'ವ್ಯೋ' ಮತ್ತು 'ವ್ಯೆಯ್' ಎಂಬ ಜೋಡಿಗಳು ಈ ಕ್ರಮವನ್ನೇ ಅನುಸರಿಸುತ್ತವೆ. ಇದು ಕೇವಲ ಉಚ್ಚಾರಣೆಯ ಸೌಕರ್ಯವಲ್ಲ; ಇದರ ಹಿಂದೆ ನಮ್ಮ ಸಂಧಿಕಾರ್ಯಕ್ಕೆ ಹತ್ತಿರವಾದ ತತ್ತ್ವವಿದೆ. ವಿಶೇಷಣ ಮುಂದೆ ಬಂದಾಗ ಅದು ವಿಶೇಷ್ಯದೊಡನೆ ಒಂದೇ ಉಸಿರಿನಲ್ಲಿ ಬೆಸೆದುಕೊಳ್ಳುತ್ತದೆ. ಒಂಟಿಯಾಗಿ ನಿಂತಾಗ ಮೂಕವಾಗಿರುವ ಕಡೆಯ ವ್ಯಂಜನ, ಮುಂದೊಂದು ಸ್ವರ ಸಿಕ್ಕಿದೊಡನೆಯೇ ಎಚ್ಚತ್ತು ಅದರ ಕೈಹಿಡಿಯುತ್ತದೆ: 'ಪೆತಿ' ಮತ್ತು 'ಆಂಫಾಂ' ಸೇರಿ 'ಪೆತಿತಾಂಫಾಂ', ಎಂದರೆ ಪುಟ್ಟ ಮಗು. 'ಗ್ರಾಂ' ಮತ್ತು 'ಒಮ್' ಸೇರುವಾಗ ಬರೆಹದಲ್ಲಿರುವ ದಕಾರವು ತಕಾರವಾಗಿ ನುಡಿದು 'ಗ್ರಾಂತೊಮ್' ಆಗುತ್ತದೆ. ಶಾಸನದಲ್ಲಿರುವ ಬಹುವಚನದಲ್ಲಿ ಸಕಾರವು ಜಕಾರವಾಗಿ 'ಗ್ರಾಂಜೊಮ್' ಆಗಿದೆ. ಎತ್ತರದ ಆಳೆಂಬ 'ಒಮ್ ಗ್ರಾಂ'ನಲ್ಲಿಯಾದರೋ ಎರಡು ಪದಗಳ ನಡುವೆ ಅಂಥ ಬೆಸುಗೆಯಿಲ್ಲ.

ಈ ಬೆಸುಗೆಯನ್ನು ಗಮನದಲ್ಲಿಟ್ಟುಕೊಂಡರೆ ಸ್ಥಾನವಿಚಾರದ ಬಾಗಿಲು ತಾನಾಗಿ ತೆರೆಯುತ್ತದೆ. ಫ್ರೆಂಚಿನ ವಿಶೇಷಣಗಳಲ್ಲಿ ಬಹುಪಾಲು ನಾಮಪದದ ಹಿಂದೆಯೇ ನಿಲ್ಲುವಂಥವು. ಬಣ್ಣ, ಆಕಾರ, ದೇಶ, ಮತ, ಶಾಸ್ತ್ರ, ಆಡಳಿತ, ಇವಕ್ಕೆ ಸಂಬಂಧಪಟ್ಟ ವಿಶೇಷಣಗಳು, ಕ್ರಿಯಾಪದದಿಂದ ಹುಟ್ಟಿದ ಕೃದಂತಗಳು, ಎಲ್ಲವೂ ಹಿಂದೆ. ಒಂದು ವಸ್ತುವನ್ನು ಮೊದಲು ಹೆಸರಿಸಿ, ಅನಂತರ ಆ ಜಾತಿಯ ಉಳಿದ ವಸ್ತುಗಳಿಂದ ಅದನ್ನು ಬೇರ್ಪಡಿಸಿ ತೋರುವುದು ಇವುಗಳ ಕೆಲಸ. ಆಲ್ಪ್ಸ್ ಪರ್ವತಶ್ರೇಣಿಯಲ್ಲಿ 'ಮೊಂ ಬ್ಲಾಂ' ಎಂದರೆ ಶಿಖರ, ಬಿಳಿಯದು. ಯುದ್ಧಭೂಮಿಯ ಗಾಯಾಳುಗಳ ಸೇವೆಗೆ ನಿಂತ ಸಂಸ್ಥೆಯಾದ 'ಕ್ರುವಾ ರೂಜ್' ಎಂದರೆ ಶಿಲುಬೆ, ಕೆಂಪಿನದು. ನಮಗೆ ದೂರವಲ್ಲದ ಪುದುಚೇರಿಯಲ್ಲಿ ಫ್ರೆಂಚರು ತಮ್ಮ ಪಟ್ಟಣವನ್ನು ಒಂದು ಕಾಲುವೆಯಿಂದ ಎರಡಾಗಿ ಒಡೆದು, ಕಡಲಿನ ಕಡೆಯ ತಮ್ಮ ಭಾಗಕ್ಕೆ 'ವಿಲ್ ಬ್ಲಾಂಶ್', ಒಳನಾಡಿನ ಕಡೆಯ ಭಾರತೀಯರ ಭಾಗಕ್ಕೆ 'ವಿಲ್ ನ್ವಾರ್' ಎಂದು ಹೆಸರಿಟ್ಟರು: ಊರು ಬಿಳಿಯದು, ಊರು ಕರಿಯದು. ಹಿಂದೆ ನಿಲ್ಲುವ ವಿಶೇಷಣದ ಸ್ವಭಾವವೇ ವಿಂಗಡಿಸುವುದು. ಇಲ್ಲಿ ಆ ವ್ಯಾಕರಣ ಮನುಷ್ಯರನ್ನೂ ವಿಂಗಡಿಸಲು ಒದಗಿತು.

ಮುಂದೆ ಬರುವ ವಿಶೇಷಣಗಳಾದರೋ ಕೆಲವೇ, ಆದರೆ ದಿನಬಳಕೆಯಲ್ಲಿ ಅವುಗಳಿಲ್ಲದೆ ಒಂದು ಮಾತೂ ಸಾಗದು. ಸುಂದರ, ಮುದ್ದಾದ, ಒಳ್ಳೆಯ, ಕೆಟ್ಟ, ದೊಡ್ಡ, ಸಣ್ಣ, ದಪ್ಪ, ಎಳೆಯ, ಮುದಿ, ಹೊಸ ಎಂಬಷ್ಟು. ರೂಪ, ವಯಸ್ಸು, ಗುಣ, ಗಾತ್ರಗಳನ್ನು ಹೇಳುವ, ಹೆಚ್ಚಾಗಿ ಒಂದೆರಡು ಅಕ್ಷರದ, ಅತಿ ಪ್ರಾಚೀನವಾದ ಪದಗಳು. ಇವು ವಸ್ತುವನ್ನು ವಿಂಗಡಿಸುವುದಿಲ್ಲ. ಅದರೊಡನೆ ಒಂದಾಗಿ, ಒಮ್ಮೊಮ್ಮೆ ಒಂದು ಹೊಸ ಹೆಸರನ್ನೇ ಹುಟ್ಟಿಸುತ್ತವೆ. ನಮ್ಮ ದೊಡ್ಡಮ್ಮ ಚಿಕ್ಕಪ್ಪಂದಿರನ್ನು ನೆನೆದರೆ ಇದು ತಿಳಿಯುತ್ತದೆ. ಚಿಕ್ಕಪ್ಪ ಆರಡಿಯ ಆಳಾಗಿದ್ದರೂ ಚಿಕ್ಕಪ್ಪನೇ. ಅಲ್ಲಿ 'ಚಿಕ್ಕ' ಎಂಬುದು ಅಳತೆಯನ್ನು ಬಿಟ್ಟು ಸಂಬಂಧವನ್ನು ಹೇಳುತ್ತಿದೆ. ಫ್ರೆಂಚಿನಲ್ಲಿ ಮೊಮ್ಮಗಳಿಗೆ 'ಪೆತಿತ್ ಫೀಯ್', ಎಂದರೆ ಸಣ್ಣ ಮಗಳು. ಅತ್ತೆಗೆ 'ಬೆಲ್‌ಮೇರ್', ಎಂದರೆ ಸುಂದರಿಯಾದ ತಾಯಿ. ಸೂಲಗಿತ್ತಿಗೆ 'ಸಾಜ್‌ಫಾಮ್', ಎಂದರೆ ವಿವೇಕಿಯಾದ ಹೆಂಗಸು. ಅದೇ 'ಸಾಜ್' ಎಂಬುದನ್ನು ಹಿಂದಿಟ್ಟು 'ಫಾಮ್ ಸಾಜ್' ಎಂದರೆ ಯಾವ ಕಸುಬಿನವಳೇ ಆಗಿರಲಿ, ವಿವೇಕಶಾಲಿನಿ ಎಂದಷ್ಟೇ ಅರ್ಥ. ಹಿರಿದಾದ ಮರ ಹೆಮ್ಮರವಾಗಿ, ಬೆಳ್ಳನೆಯ ತಿಂಗಳು ಬೆಳ್ದಿಂಗಳಾಗಿ ಕನ್ನಡದಲ್ಲಿ ಬೆರೆತುಹೋದ ಬಗೆ ಎಂಥದೋ, ಮುಂದಿಟ್ಟ ಫ್ರೆಂಚ್ ವಿಶೇಷಣದ ಒಲವು ಅಂಥದು.

ಇಷ್ಟು ತಿಳಿದ ಮೇಲೆ, ಸ್ಥಾನ ಬದಲಾದಾಗ ಅರ್ಥವೂ ಬದಲಾಗುವ ಜೋಡಿಪದಗಳು ಒಗಟಾಗಿ ಉಳಿಯುವುದಿಲ್ಲ. ಮುಂದೆ ನಿಂತ ವಿಶೇಷಣ ಹೆಸರಿನ ಅರ್ಥದೊಳಕ್ಕೆ ಇಳಿಯುತ್ತದೆ. ಹಿಂದೆ ನಿಂತದ್ದು ಆ ಹೆಸರನ್ನು ಹೊತ್ತ ವ್ಯಕ್ತಿಯನ್ನೋ ವಸ್ತುವನ್ನೋ ವರ್ಣಿಸುತ್ತದೆ. ಗೆಳೆಯನನ್ನೇ ತೆಗೆದುಕೊಳ್ಳಿ. 'ವ್ಯೆಯಾಮಿ' ಎಂದರೆ ಹಳೆಯ ಗೆಳೆಯ. ಹಳೆಯದಾದದ್ದು ಗೆಳೆತನ, ಗೆಳೆಯನಿಗೆ ಇಪ್ಪತ್ತೇ ವರ್ಷವಾಗಿರಬಹುದು. 'ಆಮಿ ವ್ಯೋ' ಎಂದು ಹಿಂದಿಟ್ಟರೆ ಮುದಿತನ ಗೆಳೆಯನ ಮೈಮೇಲೆ ಬರುತ್ತದೆ. 'ಆಂಸ್ಯಾಂ' ಎಂಬ ವಿಶೇಷಣ ವಿದ್ಯಾರ್ಥಿಯ ಮುಂದೆ ಬಂದರೆ ವಿದ್ಯಾರ್ಥಿದೆಸೆ ಮುಗಿದವನು, ಮಂತ್ರಿಯ ಮುಂದೆ ಬಂದರೆ ನಾವು ಮಾಜಿ ಮಂತ್ರಿ ಎನ್ನುವವನು; ಅದೇ ಮನೆಯ ಹಿಂದೆ ಬಂದರೆ ಪುರಾತನವಾದ ಮನೆ. 'ಪೋವ್ರ್' ಎಂಬುದು ಮುಂದೆ ಬಂದರೆ ಬಡಪಾಯಿ, ಹಿಂದೆ ಬಂದರೆ ಬಡವ. ಕೋಟ್ಯಧೀಶನಿಗೆ ಪುತ್ರಶೋಕವಾದರೆ ಅವನು ಮೊದಲನೆಯದಾಗುತ್ತಾನೆ, ಎರಡನೆಯದಾಗುವುದಿಲ್ಲ. ನಮ್ಮ ಭಾಷೆ ಎರಡು ಪದಗಳನ್ನಿಟ್ಟು ಮಾಡುವ ಈ ಭೇದವನ್ನು ಫ್ರೆಂಚ್ ಒಂದೇ ಪದದ ಎರಡು ಆಸನಗಳಿಂದ ಮಾಡುತ್ತದೆಂಬುದು ನನಗೆ ಎಂದಿಗೂ ಸವೆಯದ ಸೋಜಿಗ. 'ಪ್ರೋಪ್ರ್' ಮುಂದಿದ್ದರೆ ಸ್ವಂತ ಕೋಣೆ, ಹಿಂದಿದ್ದರೆ ಚೊಕ್ಕಟವಾದ ಕೋಣೆ. 'ದೆರ್ನ್ಯೆ' ವಾರದ ಹಿಂದಿದ್ದರೆ ಕಳೆದ ವಾರ, ಮುಂದಿದ್ದರೆ ಕಟ್ಟಕಡೆಯ ವಾರ. 'ಸೆಲ್' ಮುಂದಿದ್ದರೆ ಒಬ್ಬನೇ ಒಬ್ಬ ಮನುಷ್ಯ, ಹಿಂದಿದ್ದರೆ ಒಬ್ಬಂಟಿಗ. 'ಶೆರ್' ಗೆಳೆಯನ ಮುಂದಿದ್ದರೆ ಪ್ರಿಯ, ಪುಸ್ತಕದ ಹಿಂದಿದ್ದರೆ ದುಬಾರಿ.

ಹೊಸದೆಂಬ ಅರ್ಥಕ್ಕೆ ಫ್ರೆಂಚರಲ್ಲಿ ಎರಡು ಪದಗಳೇ ಇವೆ, ಅವು ಸಾಮಾನ್ಯವಾಗಿ ಎರಡು ಆಸನಗಳನ್ನು ಹಂಚಿಕೊಂಡಿವೆ. ಮುಂದೆ ಬರುವ 'ನೂವೋ' ಎಂಬುದು ಇದುವರೆಗೆ ಇದ್ದುದರ ಬದಲಿಗೆ ಬಂದದ್ದು. ಹಿಂದೆ ಬರುವ 'ನೆಫ್' ಎಂಬುದು ಈಗತಾನೆ ಮಾಡಿದ್ದು, ಬಳಸದ್ದು. ಹತ್ತು ವರ್ಷದ ಕಾರನ್ನು ಇಂದು ಕೊಂಡವನಿಗೆ ಅದು 'ನೂವೆಲ್' ಆದೀತು, 'ನೆವ್' ಆಗದು. 'ನೂವೋ' ಕೂಡ ಹಿಂದೆ ಸರಿಯುವುದುಂಟು, ಆಗ ಅದು ಒಂದು ಬಗೆಯನ್ನು, ಒಂದು ಪಂಥವನ್ನು ಹೆಸರಿಸುತ್ತದೆ: ನವೆಂಬರ್ ತಿಂಗಳ ಮೂರನೆಯ ಗುರುವಾರ ಮಾರಾಟಕ್ಕೆ ಬಿಡುವ ಆ ವರ್ಷದ ದ್ರಾಕ್ಷಾರಸ 'ಬೋಜೊಲೆ ನೂವೋ', 1895ರಲ್ಲಿ ಪ್ಯಾರಿಸಿನಲ್ಲಿ ತೆರೆದ ಒಂದು ಕಲಾಮಳಿಗೆಯಿಂದ ಹೆಸರು ಪಡೆದ, ಬಳ್ಳಿಯಂತೆ ಬಳುಕುವ ರೇಖೆಗಳ ಶೈಲಿ 'ಆರ್ ನೂವೋ'. ಪ್ಯಾರಿಸಿನ ಸೇನ್ ನದಿಯ ಮೇಲೆ 1578ರಲ್ಲಿ ತೊಡಗಿ 1607ರಲ್ಲಿ ಮುಗಿಸಿದ ಒಂದು ಕಲ್ಲಿನ ಸೇತುವೆಯಿದೆ. ಅಂದು ಹೊಚ್ಚ ಹೊಸದಾಗಿದ್ದುದರಿಂದ 'ಪೊಂ ನೆಫ್' ಎಂದು ಕರೆದರು. ನಗರದಲ್ಲಿ ಇಂದು ನಿಂತಿರುವ ಸೇತುವೆಗಳಲ್ಲೆಲ್ಲ ಅದೇ ಅತ್ಯಂತ ಹಳೆಯದು.

ನಿಯಮವನ್ನು ಇಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಅದರ ಎಲ್ಲೆಯನ್ನೂ ಹೇಳಬೇಕು. ಗ್ರಾಂ ಎಂಬುದು ಮರದ ಮುಂದೆ ಬಂದರೂ ಹುಡುಗನ ಮುಂದೆ ಬಂದರೂ ಎತ್ತರವನ್ನೇ ಹೇಳುತ್ತದೆ. ಮಹತ್ತೆಂಬ ಅರ್ಥ ಸಿದ್ಧಿಸುವುದು 'ಮನುಷ್ಯ' ಮೊದಲಾದ ಕೆಲವು ಪದಗಳೊಡನೆ ಮಾತ್ರ. ಅಲ್ಲಿಯೂ ಹಿಂದೆ ಮೈಬಣ್ಣವನ್ನೋ ಕೂದಲನ್ನೋ ಹೇಳುವ ಇನ್ನೊಂದು ವಿಶೇಷಣ ಬಂದರೆ, ಮುಂದಿನ ಗ್ರಾಂ ಮತ್ತೆ ಎತ್ತರಕ್ಕೆ ಇಳಿಯುತ್ತದೆ. ಬಣ್ಣಗಳು ಹಿಂದೆ ನಿಲ್ಲಬೇಕೆಂಬುದು ನಿಜವಾದರೂ, ಬಣ್ಣ ಬಣ್ಣವಾಗಿ ಉಳಿಯದೆ ಭಾವವಾದಾಗ, ಕರಿಯ ಸಂಕಲ್ಪವೆಂದೋ ಮುಪ್ಪಿನಲ್ಲಿಯೂ ಮಾಸದ ಹಸುರೆಂದೋ ಹೇಳುವಾಗ, ಅದು ಮುಂದಕ್ಕೆ ಬರುತ್ತದೆ. ಅದ್ಭುತ, ಭಯಂಕರ, ರಮ್ಯ ಎಂಬಂಥ ಪದಗಳಿಗೆ ಎರಡು ಕಡೆಯೂ ದಾರಿ ತೆರೆದಿದೆ. ಹಿಂದೆ ಇಟ್ಟರೆ ವರ್ಣನೆ, ಮುಂದೆ ಇಟ್ಟರೆ ಉದ್ಗಾರ. ಕವಿಗಳು ಈ ಸ್ವಾತಂತ್ರ್ಯದಿಂದಲೇ ಬದುಕುತ್ತಾರೆ. 1647ರಲ್ಲಿ ಫ್ರೆಂಚ್ ಭಾಷೆಯ ಮೇಲಿನ ತನ್ನ ಪ್ರಸಿದ್ಧ ಟಿಪ್ಪಣಿಗಳನ್ನು ಪ್ರಕಟಿಸಿದ ವೋಜ್ಲಾ ಎಂಬ ವೈಯಾಕರಣನು ಈ ವಿಷಯವನ್ನು ಬಹುಕಾಲ ಪರಿಶೀಲಿಸಿ, ಕಿವಿಯನ್ನು ಕೇಳುವುದಕ್ಕಿಂತ ಮಿಗಿಲಾದ ನಿಯಮ ತನಗೆ ದೊರೆಯಲಿಲ್ಲವೆಂದು ಒಪ್ಪಿಕೊಂಡನು. ಅಷ್ಟು ದೊಡ್ಡ ಪಂಡಿತನ ಈ ವಿನಯವನ್ನು ನಾನು ಬಹಳ ಗೌರವಿಸುತ್ತೇನೆ.

ಈಗ ಹಿಂದೆ ನಿಲ್ಲುವ ಅನೇಕ ವಿಶೇಷಣಗಳು ಮಧ್ಯಯುಗದಲ್ಲಿ ಮುಂದೆ ನಡೆಯುತ್ತಿದ್ದವು. ಅದರ ಪಳೆಯುಳಿಕೆಗಳು ಇಂದಿಗೂ ಮಾತಿನಲ್ಲಿವೆ: ಬಾವಲಿಗೆ 'ಶೋವ್ ಸೂರಿ', ಎಂದರೆ ಬೋಳು ಇಲಿ, ಕೆಂಪು ಕೊರಳಿನ ಪುಟ್ಟ ಹಕ್ಕಿಯೊಂದಕ್ಕೆ 'ರೂಜ್ ಗೋರ್ಜ್'. ಊರುಗಳ ಹೆಸರಿನಲ್ಲಿಯಂತೂ ಈ ಚರಿತ್ರೆ ನಕ್ಷೆಯ ಮೇಲೆ ಬರೆದಿಟ್ಟಂತಿದೆ. ಹೊಸ ಕೋಟೆ ಎಂಬ ಹೆಸರಿನ ಊರು ಉತ್ತರದ ಲೊರೇನ್ ಪ್ರಾಂತದಲ್ಲಿ 'ನೆಫ್‌ಶಾತೋ'. ದಕ್ಷಿಣದ ಆವಿನ್ಯೊಂ ಪಟ್ಟಣದ ಬಳಿ 'ಶಾತೋನೆಫ್'. ಹೊಸ ಊರು ಉತ್ತರದಲ್ಲಿ 'ನೆವೀಲ್', ದಕ್ಷಿಣದಲ್ಲಿ 'ವಿಲ್‌ನೆವ್'. ಎಲ್ಲೆಡೆಯೂ ಹೀಗೆಯೇ ಎಂದಲ್ಲ, ಬಹುಮಟ್ಟಿಗೆ ಹೀಗೆ. ಉತ್ತರದಲ್ಲಿ ನೆಲೆಯೂರಿದ ಫ್ರಾಂಕ್ ಜನರ ಜರ್ಮಾನಿಕ ಭಾಷೆಯಲ್ಲಿ ವಿಶೇಷಣ ಮುಂದೆ ಬರುತ್ತಿದ್ದುದೇ ಇದಕ್ಕೆ ಕಾರಣವೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಹೊಸಕೋಟೆ ಹೊಸೂರುಗಳನ್ನು ಬಲ್ಲ ನಮಗೆ ಈ ಹೆಸರುಗಳು ಅಪರಿಚಿತವೆನಿಸಬೇಕಾಗಿಲ್ಲ; ನಮ್ಮಲ್ಲಿ ಕೋಟೆ ಎಂದಿಗೂ ಹೊಸತರ ಮುಂದೆ ಬರಲಿಲ್ಲ, ಅಷ್ಟೆ.

ಸ್ಥಾನವು ಅರ್ಥವನ್ನು ಮಾತ್ರವಲ್ಲ, ಲಿಂಗವನ್ನೂ ಬದಲಿಸುವ ಒಂದು ವಿಚಿತ್ರ ಪದ ಫ್ರೆಂಚಿನಲ್ಲಿದೆ. ಜನರು ಎಂಬುದಕ್ಕೆ ಅವರ ಮಾತು 'ಜಾಂ'. ನಮ್ಮ 'ಜನ' ಶಬ್ದಕ್ಕೂ ಅದಕ್ಕೂ ಮೂಲಧಾತು ಒಂದೇ. ಅದು ಮೂಲದಲ್ಲಿ ಸ್ತ್ರೀಲಿಂಗ. ಆದರೆ ಜನರೆಂದರೆ ಗಂಡಸರೆಂದು ಎಣಿಸುವ ರೂಢಿ ಬಲಿತಂತೆ ಅದು ಪುಲ್ಲಿಂಗದ ಕಡೆಗೆ ವಾಲಿತು. ವಾಲಿದರೂ ಪೂರ್ತಿ ವಾಲಲಿಲ್ಲ. ಮುಂದೆ ಬಂದ ವಿಶೇಷಣ ಇಂದಿಗೂ ಸ್ತ್ರೀಲಿಂಗದಲ್ಲಿರಬೇಕು, ಹಿಂದೆ ಬಂದದ್ದು ಪುಲ್ಲಿಂಗದಲ್ಲಿರಬೇಕು. 'ಮುದಿಯ ಜನ ಸಂತೋಷದಿಂದಿದ್ದಾರೆ' ಎನ್ನುವಲ್ಲಿ ಮುದಿಯೆಂಬುದು ಹೆಣ್ಣು, ಸಂತೋಷವೆಂಬುದು ಗಂಡು. ನಡುವೆ ಅದೇ ಜನ. ಮುಂದಿನ ವಿಶೇಷಣ ನಾಮಪದದೊಡನೆ ಹಳೆಯ ಕಾಲದಲ್ಲಿಯೇ ಬೆಸೆದುಹೋಗಿ ಹಳೆಯ ಲಿಂಗವನ್ನು ಕಾಪಾಡಿಕೊಂಡಿತು, ಹಿಂದಿನದು ಕಾಲದೊಡನೆ ನಡೆಯಿತು ಎಂದು ಬಗೆದರೆ, ಇದುವರೆಗೆ ಹೇಳಿದ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ.

ಗಂಡುಹೆಣ್ಣುಗಳ ಮಾತು ಬಂದುದರಿಂದ ಫ್ರಾನ್ಸಿನಲ್ಲಿ ಇನ್ನೂ ಆರದ ವಿವಾದವೊಂದನ್ನು ಹೇಳದೆ ಮುಂದೆ ಹೋಗಲಾಗದು. ಒಬ್ಬ ಹುಡುಗನೂ ಮೂವರು ಹುಡುಗಿಯರೂ ಬುದ್ಧಿವಂತರೆಂದು ಹೇಳಬೇಕಾದರೆ, ಆ ವಿಶೇಷಣ ಪುಲ್ಲಿಂಗದ ಬಹುವಚನದಲ್ಲಿಯೇ ಇರಬೇಕೆಂಬುದು ಶಾಲೆಯ ನಿಯಮ. ಹುಡುಗಿಯರು ಮೂವರಲ್ಲ, ಮುನ್ನೂರು ಮಂದಿಯಾದರೂ ಅಷ್ಟೆ. 'ಬುದ್ಧಿವಂತರು' ಎಂಬ ಒಂದೇ ರೂಪದಿಂದ ಎಲ್ಲರನ್ನೂ ಒಳಗೊಳ್ಳುವ ಕನ್ನಡಕ್ಕೆ ಈ ಇಕ್ಕಟ್ಟು ಬಂದಿಲ್ಲ. ಹಿಂದಿನ ಫ್ರೆಂಚಿನಲ್ಲಿ ಹತ್ತಿರವಿರುವ ನಾಮಪದದ ಲಿಂಗವನ್ನು ವಿಶೇಷಣ ಅನುಸರಿಸುವುದಕ್ಕೆ ಅಡ್ಡಿಯಿರಲಿಲ್ಲ. 1691ರಷ್ಟು ಈಚೆಗೆ, ರಾಸೀನ್ ಮಹಾಕವಿ ತನ್ನ 'ಆತಾಲಿ' ನಾಟಕದಲ್ಲಿ ಹಗಲು ರಾತ್ರಿಗಳನ್ನು ಒಟ್ಟಿಗೆ ಹೇಳಿ, ಸಮೀಪದಲ್ಲಿದ್ದ ರಾತ್ರಿಯ ಸ್ತ್ರೀಲಿಂಗವನ್ನೇ ವಿಶೇಷಣಕ್ಕೆ ಕೊಟ್ಟಿದ್ದಾನೆ. ಪುಲ್ಲಿಂಗ ಹೆಚ್ಚು ಉದಾತ್ತವೆಂಬ ಕಾರಣವನ್ನೊಡ್ಡಿ ಈಗಿನ ನಿಯಮದ ಪಕ್ಷ ಹಿಡಿದವರಲ್ಲಿ ಅದೇ ವೋಜ್ಲಾ ಒಬ್ಬನು. 2017ರ ನವೆಂಬರ್ ತಿಂಗಳಲ್ಲಿ ಫ್ರಾನ್ಸಿನ 314 ಮಂದಿ ಅಧ್ಯಾಪಕರು, ಪುಲ್ಲಿಂಗವು ಸ್ತ್ರೀಲಿಂಗವನ್ನು ಗೆಲ್ಲುತ್ತದೆಂಬ ಪಾಠವನ್ನು ಇನ್ನು ಮುಂದೆ ಮಕ್ಕಳಿಗೆ ಹೇಳಿಕೊಡುವುದಿಲ್ಲವೆಂದು ಸಹಿ ಹಾಕಿ ಪ್ರಕಟಿಸಿದರು. ಅವರ ಪಕ್ಷವೇ ನ್ಯಾಯವಾದುದೆಂದು ನನ್ನ ನಂಬಿಕೆ. ಹತ್ತಿರದ ಪದವನ್ನು ಅನುಸರಿಸುವ ಪದ್ಧತಿ ಕಿವಿಗೂ ಹಿತ, ಭಾಷೆಯ ಹಳೆಯ ನಡೆಗೂ ಹೊಂದಿಕೆ.

ಸ್ಥಾನವಿಚಾರದಲ್ಲಿಯೂ ಈ ಅಸಮಾನತೆಯ ನೆರಳು ಬಿದ್ದಿದೆ. 'ಗ್ರಾಂತೊಮ್' ಎಂದರೆ ಮಹಾಪುರುಷನೆಂದೆವು. ಅದೇ ಗ್ರಾಂ ಎಂಬುದನ್ನು ಹೆಂಗಸಿನ ಮುಂದಿಟ್ಟು 'ಗ್ರಾಂದ್ ಫಾಮ್' ಎಂದರೆ ಕೇಳುವವನ ಮನಸ್ಸಿಗೆ ಮೊದಲು ಬರುವುದು ಎತ್ತರದ ಹೆಂಗಸು. ಮಹಿಮೆಯನ್ನು ಹೇಳಬೇಕಾದರೆ ನಾಮಪದವನ್ನೇ ಬದಲಿಸಿ 'ಗ್ರಾಂದ್ ದಾಮ್' ಎನ್ನಬೇಕು. ತನ್ನ ಸ್ವಂತ ಸಾಧನೆಯ ಬಲದಿಂದ ಪಾಂತೆಯೊಂ ಮಂದಿರವನ್ನು ಸೇರಿದ ಮೊದಲ ಮಹಿಳೆಯಾದ ಮೇರಿ ಕ್ಯೂರಿಯವರ ಅವಶೇಷಗಳನ್ನು 1995ರಲ್ಲಿ ಒಳಗೆ ಒಯ್ದಾಗ, ಅವರು ಹಾದುಹೋದದ್ದು ಮಹಾಪುರುಷರಿಗೆಂದು ಪುಲ್ಲಿಂಗ ಬಹುವಚನದಲ್ಲಿ ಕೊರೆದ ಆ ಪಂಕ್ತಿಯ ಕೆಳಗಿನಿಂದಲೇ.

ಕನ್ನಡನಾಡಿನಲ್ಲಿ ಇಂದು ಫ್ರೆಂಚ್ ಕಲಿಯುತ್ತಿರುವ ಎಳೆಯರು ಅನೇಕರಿದ್ದಾರೆ. ಅವರಿಗೆ ನನ್ನದೊಂದು ಮಾತು. ಮುಂದೆ ಬರುವ ವಿಶೇಷಣಗಳೆಷ್ಟು, ಹಿಂದೆ ಬರುವವೆಷ್ಟು ಎಂದು ಪಟ್ಟಿಯನ್ನು ಉರುಹೊಡೆಯುತ್ತ ಕುಳಿತುಕೊಳ್ಳಬೇಡಿ. ವಿಶೇಷಣವನ್ನು ಒಂಟಿಯಾಗಿ ಎಂದೂ ಬರೆದಿಟ್ಟುಕೊಳ್ಳದೆ, ಅದರ ನಾಮಪದದೊಡನೆ, ಸ್ತ್ರೀರೂಪವನ್ನು ಮೊದಲಿಟ್ಟು ಬರೆದುಕೊಳ್ಳಿರಿ. ಬರೆದುದನ್ನು ಗಟ್ಟಿಯಾಗಿ ಓದಿರಿ. ಬಿಡುವಾದಾಗ ಫ್ರಾನ್ಸ್ ದೇಶದ ನಕ್ಷೆಯೊಂದನ್ನು ಹರಡಿಕೊಂಡು, ಹೊಸ ಊರು ಹೊಸ ಕೋಟೆಗಳನ್ನು ಉತ್ತರದಿಂದ ದಕ್ಷಿಣಕ್ಕೆ ಹುಡುಕುತ್ತ ಬನ್ನಿರಿ. ಆವಿನ್ಯೊಂ ಮುಟ್ಟುವುದರೊಳಗಾಗಿ ವಿಶೇಷಣ ಎಲ್ಲೆಲ್ಲಿ ಪದದ ಹಿಂದಕ್ಕೆ ಸರಿಯಿತೆಂಬುದು ನಿಮ್ಮ ಕಣ್ಣಿಗೇ ಬಿದ್ದಿರುತ್ತದೆ.